ಪುಟ್ಟಿಯ ರೈಫಲ್ ಬಗ್ಗೆ ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ತಮ್ಮ (ಅಮೆರಿಕ): ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಪುಟ್ಟಿಗೆ ಬರುವ ತಿಂಗಳು ಹನ್ನೊಂದು ವರ್ಷ ತುಂಬುತ್ತದೆ. ಇಲ್ಲಿನ ಕ್ಲಬ್ಬಿನಲ್ಲಿ ಮಕ್ಕಳಿಗೆ ಗುರಿ ಹೊಡೆಯಲು ಕಲಿಸುವ ತರಗತಿಗೆ ಅವಳನ್ನು ಸೇರಿಸಿದ್ದೇನೆ. ನಾನು ನೋಡಿಟ್ಟಿರುವ ಎರಡು .22 ರೈಫಲ್‌ಗಳಲ್ಲಿ (ಅಂದರೆ ನಳಿಗೆಯ ಒಳಗಲ ಸುಮಾರು 0.22 ಇಂಚು) ಒಂದನ್ನು ಕೊಳ್ಳಬೇಕು. ಮೊದಲನೆಯದು ಸ್ಯಾವೇಜ್ ರ‍್ಯಾಸ್ಕಲ್. ಒಂದೊಂದೇ ತೋಟಾ ತುಂಬಬೇಕು, ತೂಕ ಸುಮಾರು 1.2 ಕಿಲೋ. ಎರಡನೆಯದು ರೂಗರ್ 10/22. ಮ್ಯಾಗಜೀನಿನಲ್ಲಿ, ಅಂದರೆ ತೋಟಾ ತುಂಬಿಡುವ ಡಬ್ಬಿಯಲ್ಲಿ, ಹತ್ತು ತೋಟಾ ಹಿಡಿಯುತ್ತದೆ, ತೂಕ ಹೆಚ್ಚುಕಡಿಮೆ ಇಮ್ಮಡಿ. ಅವಳು ಬೆಳೆದ ಮೇಲೂ ಉಪಯೋಗಕ್ಕೆ ಬರುತ್ತದೆಂದು ನನ್ನ ಮನಸ್ಸು ಎರಡನೆಯದರ ಕಡೆಗಿದೆ.

ಚಿಕ್ಕಮ್ಮ (ಸಾಗರ): ನಮ್ಮಲ್ಲಿ ಇಪ್ಪತ್ತೊಂದು ತುಂಬದವರಿಗೆ ಕೋವಿಯ ಲೈಸೆನ್ಸೇ ಸಿಗುವುದಿಲ್ಲ, ಅಲ್ಲಿ ಹನ್ನೊಂದಕ್ಕೇ ರೈಫಲ್ಲೇ? ಏರ್ ರೈಫಲ್ ಸಾಲದೇ?

ದೊಡ್ಡಪ್ಪ (ತೀರ್ಥಹಳ್ಳಿ): ಅಲ್ಲಿಯ ಕಾನೂನು ಅಲ್ಲಿಗೆ, ಅದನ್ನು ಬಿಡೋಣ. ಮೊದಲನೆಯದು ನನಗೆ ಆಟಿಕೆಯಂತೆ ಕಾಣುತ್ತದೆ. ತೋಟಕ್ಕೆ ಬರುವ ಹಂದಿಗಾಗಿ ಮೂವತ್ತು ವರ್ಷ ಜೋಡುನಳಿಗೆ ಕೋವಿ ಹಿಡಿದವನು ನಾನು. ಕೋವಿಗೆ ತೂಕವಿದ್ದರೆ ಒದೆತವನ್ನು ಅದೇ ನುಂಗುತ್ತದೆ, ನಳಿಗೆಯೂ ಅಲುಗುವುದಿಲ್ಲ.

ನಾನು (ಶಿವಮೊಗ್ಗ): ದೊಡ್ಡಪ್ಪ, ನಿಮ್ಮ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. .22ರ ಗುಂಡು ಬರೀ 2.6 ಗ್ರಾಂ, ಅದರ ಒದೆತ ಭುಜಕ್ಕೆ ತಿಳಿಯುವುದೇ ಇಲ್ಲ; ಹಾಗಾಗಿ ಒದೆತಕ್ಕೆ ಹೆದರಿ ಭಾರದ ರೈಫಲ್ ಆರಿಸಬೇಕಾಗಿಲ್ಲ. ಹಗುರ ನಳಿಗೆ ಉಸಿರಾಡಿದಾಗಲೆಲ್ಲ ನಡುಗುತ್ತದೆ ಎಂಬುದು ನಿಜ, ಆದರೆ ಅದು ನಿಂತು ಹೊಡೆಯುವವರ ತೊಂದರೆ. ಪುಟ್ಟಿ ಮೊದಲ ವರ್ಷವೆಲ್ಲ ಮಲಗಿಕೊಂಡು, ಮರಳಿನ ಚೀಲದ ಮೇಲೆ ನಳಿಗೆಯಿಟ್ಟೇ ಹೊಡೆಯುತ್ತಾಳೆ.

ನನಗೆ ತೂಕಕ್ಕಿಂತ ದೊಡ್ಡದಾಗಿ ಕಾಣುವುದು ಅಳತೆ. ಎನ್‌ಸಿಸಿಯಲ್ಲಿ 25 ಗಜದ ಗುರಿಗೆ ನಮಗೆ .22 ಕೊಟ್ಟಾಗ ನನಗೆ ಹದಿನಾಲ್ಕು, ಆಳು ಕುಳ್ಳ. ದೊಡ್ಡವರಿಗೆ ಮಾಡಿದ ಕೋವಿಯ ಬುಡ (ಹಿಂದಿನ ಮರದ ಭಾಗ) ಭುಜಕ್ಕೆ ಕೂರದೆ ಕಂಕುಳಿಗೆ ಜಾರುತ್ತಿತ್ತು, ಟ್ರಿಗರ್ ಎಟುಕಿಸಿಕೊಳ್ಳಲು ಮೊಣಕೈ ಪೂರ್ತಿ ಚಾಚಬೇಕಿತ್ತು, ಕತ್ತು ಮುಂದಕ್ಕೆಳೆದು ನೋಡಿದರೂ ನಳಿಗೆಯ ತುದಿಯಲ್ಲಿರುವ ಗುರಿ ಹಿಡಿಯುವ ಕಡ್ಡಿ ಅರ್ಧವೇ ಕಾಣುತ್ತಿತ್ತು. ಐದರಲ್ಲಿ ಒಂದೂ ಕಾಗದಕ್ಕೆ ತಾಗಲಿಲ್ಲ, ಕೈ ನಡುಗುವ ಹುಡುಗನೆಂದು ಹೆಸರು ಬಂತು. ಬೆಳೆಯುವ ಮಗುವಿಗೆಂದು ಎರಡು ಅಳತೆ ದೊಡ್ಡ ಯೂನಿಫಾರ್ಮ್ ಹೊಲಿಸಿದರೆ ತೋಳು ಮಡಚಿ ನಡೆಸಬಹುದು. ಕೋವಿಯ ಬುಡವನ್ನು ಮಡಚಲಾಗುವುದಿಲ್ಲ. ರ‍್ಯಾಸ್ಕಲ್‌ನಲ್ಲಿ ಬುಡದ ತುದಿಯಿಂದ ಟ್ರಿಗರಿಗೆ 29 ಸೆಂ.ಮೀ. ಆಸುಪಾಸು, ದೊಡ್ಡವರ ರೈಫಲ್‌ನಲ್ಲಿ 34 ಸೆಂ.ಮೀ. ದಾಟುತ್ತದೆ.

ತಮ್ಮ: ಅಣ್ಣ, ಎರಡೇ ವರ್ಷದಲ್ಲಿ ಅದು ಅವಳಿಗೆ ಚಿಕ್ಕದಾಗುತ್ತದೆ. ದುಡ್ಡು ದಂಡವಲ್ಲವೇ?

ದೊಡ್ಡಪ್ಪ: ತೂಕದ ವಿಷಯದಲ್ಲಿ ನಾನು ಸೋತೆನೆಂದು ಒಪ್ಪುವುದಿಲ್ಲ. ಆದರೆ ಆ ಹತ್ತು ತೋಟಾದ್ದನ್ನು ಮಾತ್ರ ಕೊಳ್ಳಬೇಡ, ಮಗಾ. ಗುರಿ ತಾಗಿದ ಖುಷಿಗೆ ಮಕ್ಕಳು ಕೋವಿಯ ಸಮೇತ ನಿನ್ನ ಕಡೆಗೇ ತಿರುಗುತ್ತಾರೆ. ಒಂದು ತೋಟಾದ್ದಾದರೆ ಆಗ ಒಳಗಿರುವುದು ಸುಟ್ಟ ತೋಟಾದ ಖಾಲಿ ಕೊಳವೆ. ಹತ್ತು ತೋಟಾದ್ದರಲ್ಲಿ ಮುಂದಿನ ಈಡು ತಾನಾಗಿಯೇ ಏರಿ ಕುಳಿತಿರುತ್ತದೆ.

ಚಿಕ್ಕಮ್ಮ: ಭಾವ ಹೇಳಿದ್ದು ಸರಿ. ಅಷ್ಟು ಪುಟ್ಟ ಗುಂಡು ಎಷ್ಟು ದೂರ ಹೋಗುತ್ತದೆ?

ನಾನು: ಒಂದೂವರೆ ಕಿಲೋಮೀಟರಿಗೂ ಮೀರಿ ಹೋಗಬಲ್ಲದು, ಚಿಕ್ಕಮ್ಮ. ದೊಡ್ಡಪ್ಪನ ಜಗಲಿಯಿಂದ ಹಾರಿದರೆ ತುಂಗೆಯ ಆಚೆ ದಡದಲ್ಲಿ ಬಿದ್ದೀತು. ಗುರಿಯ ಹಿಂದೆ ಮಣ್ಣಿನ ದಿಬ್ಬವಿರಲೇಬೇಕು. ಇನ್ನೊಂದು ಮಾತು: ದೊಡ್ಡಪ್ಪನ ತೋಟಾದಲ್ಲಿ ಕೇಪು (ಪೆಟ್ಟು ಬಿದ್ದಾಗ ಸಿಡಿದು ಕಿಡಿ ಹೊತ್ತಿಸುವ ಪುಟ್ಟ ಬಿಲ್ಲೆ) ತಳದ ನಡುವೆ ಇರುತ್ತದೆ; .22ರಲ್ಲಿ ಸಿಡಿಯುವ ಮದ್ದು ತಳದ ಅಂಚಿನೊಳಗೆ ಸುತ್ತಲೂ ಸವರಿರುತ್ತದೆ. ಸುಟ್ಟ ಕೊಳವೆಯನ್ನು ತಿರುಗಿಸಿ ನೋಡಿದರೆ ಅಂಚಿನಲ್ಲಿ ಪಿನ್ನು ಕಚ್ಚಿದ ಸಣ್ಣ ಗೀರು ಕಾಣುತ್ತದೆ. ಆ ಜಾಗದಲ್ಲಿ ಮದ್ದು ತೆಳುವಾಗಿದ್ದರೆ ಈಡು ಹಾರುವುದಿಲ್ಲ, ಕೆಲವೊಮ್ಮೆ ತಡವಾಗಿ ಹಾರುತ್ತದೆ. ಟಿಕ್ ಎಂದು ಸುಮ್ಮನಾದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು. ಇದನ್ನು ಮೊದಲ ದಿನವೇ ಅವಳಿಗೆ ಕಲಿಸು.

ತಮ್ಮ: ಸರಿ. ಈಗ ಅಳತೆ ಹೇಗೆ ತೆಗೆದುಕೊಳ್ಳಲಿ?

ನಾನು: ಮೊಣಕೈ ಮಡಚಿಸಿ, ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪು ಹಿಡಿ.

ತಮ್ಮ: ಇಪ್ಪತ್ತೊಂಬತ್ತೂವರೆ ಬಂತು. ರ‍್ಯಾಸ್ಕಲ್ಲೇ ಆಗಲಿ.

ದೊಡ್ಡಪ್ಪ: ದುಡ್ಡು ಕೊಡುವ ಮುಂಚೆ ಇನ್ನೊಂದು ನೋಡು. ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಿಸಿ, ಅದರೊಳಗಿಂದ ಗಡಿಯಾರ ನೋಡಲು ಹೇಳು. ಆಮೇಲೆ ಒಂದೊಂದು ಕಣ್ಣು ಮುಚ್ಚಿಸು. ಯಾವ ಕಣ್ಣಿಗೆ ಗಡಿಯಾರ ಉಂಗುರದೊಳಗೇ ನಿಲ್ಲುತ್ತದೋ ಅದೇ ಅವಳ ಗುರಿಗಣ್ಣು. ಎಡಗಣ್ಣಾದರೆ ಬೋಲ್ಟ್ (ತೋಟಾ ತುಂಬಲು ಎಳೆಯುವ ಹಿಡಿ) ಎಡಕ್ಕಿರುವುದನ್ನು ಕೇಳು.

ತಮ್ಮ: ದೊಡ್ಡಪ್ಪ, ಎಡಗಣ್ಣೇ.