ಮಿಕ್ಸಿ ಹಾಕಿದ ಕೂಡಲೇ ಇನ್ವರ್ಟರ್ ಬಂದ್! ಟ್ರೇಲರ್ ವೈರಿಂಗ್ ಗೊತ್ತಿರುವವರು ಹೇಳಿ

ಡಬ್ಬಿಗಾಡಿ ಹುಬ್ಬಳ್ಳಿ:
ಬೊಲೆರೊ ಹಿಂದೆ ಕಟ್ಟಲು ಸಣ್ಣ ಕ್ಯಾಂಪರ್ ಟ್ರೇಲರ್ ಮಾಡಿಸಿದ್ದೇನೆ. ಒಳಗೆ ಇಬ್ಬರು ಮಲಗಬಹುದು, ಹಿಂದಿನ ಬಾಗಿಲು ಎತ್ತಿದರೆ ಅಡುಗೆ ಕಟ್ಟೆ. ಹೊಸ 12 ವೋಲ್ಟ್ 100 ಎಎಚ್ ಲಿಥಿಯಂ ಬ್ಯಾಟರಿ, ಹೊಸ 1500 ವ್ಯಾಟ್ ಪ್ಯೂರ್ ಸೈನ್ ಇನ್ವರ್ಟರ್. ಲೈಟು, ಫ್ಯಾನು, ಲ್ಯಾಪ್‌ಟಾಪ್ ಎಲ್ಲ ಆರಾಮಾಗಿ ನಡೆಯುತ್ತವೆ. ಮಿಕ್ಸಿ ಸ್ವಿಚ್ ತಿರುಗಿಸಿದರೆ ಮಾತ್ರ ಪೀಂ ಪೀಂ ಅಂತ ಕೂಗಿ ಬಂದ್. ಬ್ಯಾಟರಿ ಫುಲ್ ಇದೆ, ಮೀಟರ್ 13.3 ತೋರಿಸುತ್ತಿದೆ.

ಇನ್ವರ್ಟರ್ ಬಿಚ್ಚಿ ಅಂಗಡಿಗೆ ಒಯ್ದೆ. ಅವರು ಟೇಬಲ್ ಮೇಲಿಟ್ಟು ತಮ್ಮ ಬ್ಯಾಟರಿಗೆ ಹಾಕಿ ಮಿಕ್ಸಿ ಓಡಿಸಿಯೇ ತೋರಿಸಿದರು. ಮನೆಗೆ ತಂದು ಹಾಕಿದರೆ ಮತ್ತೆ ಅದೇ ರಾಗ. ಶುಕ್ರವಾರ ಗೋಕರ್ಣಕ್ಕೆ ಹೊರಡಬೇಕು. ಮನೆಯವಳು 'ಇದಕ್ಕಿಂತ ಒರಳುಕಲ್ಲೇ ಕಟ್ಟಿಕೊಂಡು ಹೋಗೋಣ' ಅಂತಿದ್ದಾಳೆ. ವೈರಿಂಗ್ ಸರಿಯಾಗಿಯೇ ಮಾಡಿದ್ದೇನೆ, ಅದನ್ನು ಕೇಳಬೇಡಿ.

ಸೋಲಾರ್ ರಾಯರು:
ಇದು ನೂರಕ್ಕೆ ನೂರು ಇನ್ವರ್ಟರ್ ಸಮಸ್ಯೆ. ಡಬ್ಬದ ಮೇಲೆ 1500 ಅಂತ ಇರುತ್ತದೆ, ಅದು ಪೀಕ್. ಸತತವಾಗಿ ಕೊಡುವುದು 750 ಇದ್ದರೆ ಹೆಚ್ಚು. ಮಿಕ್ಸಿ ಮೋಟರ್ ತಿರುಗಲು ಶುರುವಾಗುವಾಗ ಎರಡು ಮೂರು ಪಟ್ಟು ಎಳೆಯುತ್ತದೆ. 3000 ವ್ಯಾಟಿನದು ತನ್ನಿ, ಮುಗೀತು.

ಡಬ್ಬಿಗಾಡಿ ಹುಬ್ಬಳ್ಳಿ:
ರಾಯರೇ, ಅಂಗಡಿಯಲ್ಲಿ ಇದೇ ಮಿಕ್ಸಿ ಓಡಿತು ಅಂದೆನಲ್ಲ?

ಸೋಲಾರ್ ರಾಯರು:
ಅಂಗಡಿಯವರು ಜಾರು ಖಾಲಿ ಇಟ್ಟು ಓಡಿಸಿರುತ್ತಾರೆ. ಇನ್ವರ್ಟರ್ ಬದಲಿಸಿ.

ಡಬ್ಬಿಗಾಡಿ ಹುಬ್ಬಳ್ಳಿ:
ನಾನೂ ಖಾಲಿ ಜಾರಿನಲ್ಲೇ ನೋಡುತ್ತಿರುವುದು. ಕಾಯಿ ಹಾಕುವ ತನಕ ಇನ್ನೂ ಹೋಗಿಯೇ ಇಲ್ಲ!

ಟ್ಯೂಬ್ಯುಲರ್ ತಿಮ್ಮ:
ಲಿಥಿಯಂ ತಂದಾಗಲೇ ತಪ್ಪಿದ್ದು ಗುರುವೇ. ಒಳಗಿನ ಬಿಎಂಎಸ್ (ಬ್ಯಾಟರಿ ಕಾಯುವ ಸರ್ಕ್ಯೂಟ್) ಕಟ್ ಮಾಡುತ್ತಿದೆ. ನಮ್ಮ ಮನೆಯ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿಗೆ ಎಂಟು ವರ್ಷ. ನೀರು ಹಾಕುವುದು, ಮರೆಯುವುದು, ಅಷ್ಟೇ.

ಟಿಟಿ ಅಲೆಮಾರಿ:
ತಿಮ್ಮಣ್ಣ, ಐವತ್ತು ಕೆಜಿ ಮೀರುವ ಆಸಿಡ್ ಡಬ್ಬವನ್ನು ಮನುಷ್ಯರು ಮಲಗುವ ಗೂಡಿನೊಳಗೆ ಇಡೋದಾ? ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ ಅದು.

ಟ್ಯೂಬ್ಯುಲರ್ ತಿಮ್ಮ:
ಕಿಟಕಿ ತೆಗೆದು ಮಲಗಿದರಾಯಿತು.

ಟಿಟಿ ಅಲೆಮಾರಿ:
ಗೋಕರ್ಣದಲ್ಲಿ ಕಿಟಕಿ ತೆಗೆದು ಮಲಗಿ ನೋಡಿ, ಸೊಳ್ಳೆಗಳೇ ಎತ್ತಿಕೊಂಡು ಹೋಗುತ್ತವೆ. ಇರಲಿ. ನನ್ನ ಟೆಂಪೋ ಟ್ರಾವೆಲರ್‌ನಲ್ಲಿ 200 ಎಎಚ್ ಲಿಥಿಯಂ ಎರಡು, ಮೇಲೆ 800 ವ್ಯಾಟ್ ಪ್ಯಾನೆಲ್, 24 ವೋಲ್ಟ್ ಸಿಸ್ಟಮ್. ಇಂಡಕ್ಷನ್ ಮೇಲೆ ಅಕ್ಕಿರೊಟ್ಟಿ ಮಾಡುತ್ತೇವೆ. ಫೋಟೊ ಬೇಕಾದರೆ ಹಾಕುತ್ತೇನೆ.

ವೈರ್‌ಮನ್ ಕುಡ್ಲ:
ಮಿಕ್ಸಿ ಬಗ್ಗೆ ಕೇಳಿದ್ದು ಮಾರಾಯ್ರೆ.

ಡಬ್ಬಿಗಾಡಿಯವರೇ, ಬಿಎಂಎಸ್ ಕಟ್ ಮಾಡಿದರೆ ಪೀಂ ಅನ್ನಲು ಇನ್ವರ್ಟರಿಗೆ ಕರೆಂಟೇ ಇರುವುದಿಲ್ಲ, ಲೈಟೂ ಆರುತ್ತದೆ. ಕೂಗಿ ಆಮೇಲೆ ಬಂದ್ ಆಗುತ್ತದೆ ಅಂದರೆ ಅದರ ಬಾಯಿಗೆ ವೋಲ್ಟೇಜ್ ಸಾಲುತ್ತಿಲ್ಲ. ಹೆಚ್ಚಿನವು 10.5ರ ಹತ್ತಿರ ಬಂದ್ ಆಗುತ್ತವೆ. ಕೇಳಬೇಡಿ ಅಂದಿದ್ದೀರಿ, ಆದರೂ ಕೇಳುತ್ತೇನೆ: ಬ್ಯಾಟರಿ ಎಲ್ಲಿ, ಇನ್ವರ್ಟರ್ ಎಲ್ಲಿ, ನಡುವೆ ಎಷ್ಟು ಉದ್ದ, ಎಂಥ ಕೇಬಲ್? ಫ್ಯೂಸ್ ಎಲ್ಲಿದೆ?

ಡಬ್ಬಿಗಾಡಿ ಹುಬ್ಬಳ್ಳಿ:
ಬ್ಯಾಟರಿ ಮುಂದೆ, ಕೊಂಡಿಯ ಹತ್ತಿರದ ಪೆಟ್ಟಿಗೆಯಲ್ಲಿ. ಇನ್ವರ್ಟರ್ ಹಿಂದೆ, ಅಡುಗೆ ಕಟ್ಟೆಯ ಕೆಳಗೆ. ಮಿಕ್ಸಿ ಅಲ್ಲೇ ಅಲ್ವಾ ಇರೋದು. ಕೇಬಲ್ ಚಾಸಿ ಕೆಳಗಿಂದ ಸುಮಾರು ನಾಲ್ಕೂವರೆ ಮೀಟರ್. ಹೆಬ್ಬೆರಳಿನ ದಪ್ಪ ಇದೆ, ವೆಲ್ಡಿಂಗ್ ಕೇಬಲ್, 25 ಸ್ಕ್ವೇರ್ ಎಂಎಂ. ಫ್ಯೂಸ್ ಇನ್ವರ್ಟರ್ ಒಳಗೇ ಇದೆಯಂತೆ.

ಆರ್‌ಟಿಒ ಅನುಭವಿ:
ಕೇಬಲ್ ಬಿಡಿ ಸರ್, ಟ್ರೇಲರ್ ನೋಂದಣಿ ಆಗಿದೆಯಾ? ಟ್ರೇಲರ್‌ಗೂ ಬೇರೆಯಾಗಿ ನೋಂದಣಿ ಬೇಕು. ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿ ಕಟ್ಟಿಕೊಂಡು ಹೊರಟರೆ ಘಟ್ಟದ ಚೆಕ್‌ಪೋಸ್ಟಿನಲ್ಲೇ ಹಬ್ಬ.

ಡಬ್ಬಿಗಾಡಿ ಹುಬ್ಬಳ್ಳಿ:
ಅದರ ಕಥೆಯೇ ಬೇರೆ, ಅದಕ್ಕೆ ಇನ್ನೊಂದು ಚರ್ಚೆ ಶುರು ಮಾಡುತ್ತೇನೆ. ದಯವಿಟ್ಟು ಇಲ್ಲಿ ಮಿಕ್ಸಿ.

ವೈರ್‌ಮನ್ ಕುಡ್ಲ:
ನಾಲ್ಕೂವರೆ ಅಂದರೆ ಹೋಗಿ ಬಂದು ಒಂಬತ್ತು ಮೀಟರ್, ಅದನ್ನು ಮರೆಯಬೇಡಿ. ಮಿಕ್ಸಿ ಬಿಟ್ಟುಬಿಡಿ, ಅದರ ಎಳೆತ ಕ್ಷಣಕ್ಷಣಕ್ಕೂ ಬದಲಾಗುತ್ತದೆ. 750 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಹಾಕಿ. ಅದು ಕಾಯುತ್ತಿರುವಾಗಲೇ ಮೀಟರ್ ಹಿಡಿದು ಮೊದಲು ಬ್ಯಾಟರಿ ಟರ್ಮಿನಲ್, ಆಮೇಲೆ ಇನ್ವರ್ಟರ್ ಟರ್ಮಿನಲ್ ನೋಡಿ. ಲೋಡ್ ಇಲ್ಲದೆ ನೋಡಿದ 13.3ಕ್ಕೆ ಬೆಲೆಯಿಲ್ಲ.

ಸೋಲಾರ್ ರಾಯರು:
ಸುಮ್ನೆ ಟೈಮ್ ವೇಸ್ಟ್. 3000 ವ್ಯಾಟ್ ತನ್ನಿ.

ಡಬ್ಬಿಗಾಡಿ ಹುಬ್ಬಳ್ಳಿ:
ಇಸ್ತ್ರಿ ಪೆಟ್ಟಿಗೆ ನಡೆಯಿತು, ಬಂದ್ ಆಗಲಿಲ್ಲ! ಬ್ಯಾಟರಿ ಹತ್ತಿರ 12.9. ಇನ್ವರ್ಟರ್ ಹತ್ತಿರ 11.3. ಎರಡು ಸಲ ನೋಡಿದೆ. ಇದು ಸರಿಯಾ ತಪ್ಪಾ?

ವೈರ್‌ಮನ್ ಕುಡ್ಲ:
1.6 ವೋಲ್ಟ್ ದಾರಿಯಲ್ಲೇ ಸೋರಿ ಹೋಗುತ್ತಿದೆ. ಇಸ್ತ್ರಿಗೆ ಸುಮಾರು 75 ಆಂಪ್ಸ್. ಮಿಕ್ಸಿ ಶುರುವಾಗುವಾಗ ಅದರ ಎರಡು ಪಟ್ಟು ಆದರೆ ಸೋರುವುದೂ ಎರಡು ಪಟ್ಟು. 10.5ರ ಕೆಳಗೆ ಹೋಗದೆ ಇನ್ನೇನು? 25ರ ತಾಮ್ರದ ಕೇಬಲ್ಲಾದರೆ ಇಷ್ಟು ಉದ್ದಕ್ಕೆ ಅರ್ಧ ವೋಲ್ಟಿನ ಆಸುಪಾಸು ಇರಬೇಕಿತ್ತು.

ಎರಡು ಕೆಲಸ ಮಾಡಿ. ಕೇಬಲ್ ತುದಿಯ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಟಿನ್ ಬಳಿದ ತಾಮ್ರವೂ ಮೇಲೆ ಬೆಳ್ಳಗೇ ಇರುತ್ತದೆ, ಕೆರೆದಾಗ ಕೆಂಪು ಕಾಣಬೇಕು. ಒಳಗೂ ಬೆಳ್ಳಗಿದ್ದರೆ ಅಲ್ಯೂಮಿನಿಯಂ. ಇನ್ನೊಂದು, ಹತ್ತು ನಿಮಿಷ ಇಸ್ತ್ರಿ ಹಾಕಿಟ್ಟು ಇನ್ವರ್ಟರ್ ಬಂದ್ ಮಾಡಿ, ನಾಲ್ಕೂ ಲಗ್‌ಗಳ (ಕೇಬಲ್ ತುದಿಗೆ ಹಾಕುವ ಲೋಹದ ಕಿವಿ) ಹತ್ತಿರ ಕೈಯೊಡ್ಡಿ ನೋಡಿ. ಮುಟ್ಟುವ ಮೊದಲು ಹುಷಾರು.

ಡಬ್ಬಿಗಾಡಿ ಹುಬ್ಬಳ್ಳಿ:
ಕೆರೆದೆ. ಒಳಗೂ ಬೆಳ್ಳಗೇ ಇದೆ 😡 ಅಂಗಡಿಯವನು 'ಕಾಪರ್ ಸರ್, ಕಣ್ಣು ಮುಚ್ಚಿಕೊಂಡು ಹಾಕಿ' ಅಂದಿದ್ದ. ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ಹಾಕಿದ್ದೇನೆ.

ಇನ್ವರ್ಟರ್ ಕಡೆಯ ಕೆಂಪು ಕೇಬಲ್ಲಿನ ಲಗ್ ಮುಟ್ಟಲು ಆಗುತ್ತಿಲ್ಲ. ಪಕ್ಕದ ಸ್ಲೀವ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದೆ, ಸುಟ್ಟ ಚಪ್ಪಲಿ ವಾಸನೆ. ಉಳಿದ ಮೂರು ಬರೀ ಬೆಚ್ಚಗಿವೆ.

ವೈರ್‌ಮನ್ ಕುಡ್ಲ:
ಲಗ್ ಹೇಗೆ ಹಾಕಿದ್ದು?

ಡಬ್ಬಿಗಾಡಿ ಹುಬ್ಬಳ್ಳಿ:
ಸುತ್ತಿಗೆಯಿಂದ ಬಡಿದೆ. ಎಲ್ಲರೂ ಹಾಗೇ ಅಲ್ವಾ ಮಾಡೋದು?

ಟ್ಯೂಬ್ಯುಲರ್ ತಿಮ್ಮ:
ನಾನೂ ಸುತ್ತಿಗೆಯಿಂದಲೇ ಬಡಿಯೋದು. ಎಂಟು ವರ್ಷ.

ವೈರ್‌ಮನ್ ಕುಡ್ಲ:
ನಿಮ್ಮ ಮನೆಯಲ್ಲಿ ಬ್ಯಾಟರಿ ಪಕ್ಕದಲ್ಲೇ ಇನ್ವರ್ಟರ್ ಕೂತಿದೆ ತಿಮ್ಮಣ್ಣ, ಒಂದು ಮೊಳ ವೈರು. ಕಂಪೆನಿಯೇ ಲಗ್ ಹಾಕಿ ಕೊಟ್ಟಿರುತ್ತದೆ.

ಆ ಬಿಸಿ ಲಗ್‌ನ ಎರಡು ಕಡೆ ಮೀಟರ್ ಇಟ್ಟರೆ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣುತ್ತದೆ ಅನ್ನಿಸುತ್ತದೆ. 0.7 ಅಂತ ಇಟ್ಟುಕೊಳ್ಳಿ, 75 ಆಂಪ್ಸ್‌ಗೆ ಐವತ್ತು ವ್ಯಾಟ್. ಒಂದು ಸೋಲ್ಡರಿಂಗ್ ಐರನ್ನೇ ಪ್ಲೈವುಡ್ ಗೂಡಿನಲ್ಲಿ ಆನ್ ಮಾಡಿ ಇಟ್ಟ ಹಾಗೆ. ಅಲ್ಯೂಮಿನಿಯಂ ಎಳೆಗಳ ಮೇಲೆ ಆಕ್ಸೈಡ್ ಪದರ ಕಟ್ಟುತ್ತದೆ, ಸಡಿಲ ಒತ್ತಿದರೆ ಕರೆಂಟ್ ಸರಿಯಾಗಿ ದಾಟುವುದೇ ಇಲ್ಲ.

ನನ್ನ ಸಲಹೆ: ಕೇಬಲ್ ದಪ್ಪ ಮಾಡಲು ಹೋಗಬೇಡಿ, ಇನ್ವರ್ಟರನ್ನೇ ಮುಂದಕ್ಕೆ ತನ್ನಿ. ಬ್ಯಾಟರಿ ಪೆಟ್ಟಿಗೆಯ ಗೋಡೆಯ ಆಚೆ, ಮಂಚದ ಕೆಳಗೆ, ಗಾಳಿಯಾಡುವ ಹಾಗೆ. ಅರ್ಧ ಮುಕ್ಕಾಲು ಮೀಟರ್ 35 ಸ್ಕ್ವೇರ್ ತಾಮ್ರ ಸಾಕು. ಅಲ್ಲಿಂದ ಅಡುಗೆ ಕಟ್ಟೆಗೆ 230 ವೋಲ್ಟಿನ 2.5 ಸ್ಕ್ವೇರ್ ಮೂರು ಕೋರಿನ ವೈರು. ಮಿಕ್ಸಿಗೆ ಅಲ್ಲಿ ಮೂರು ಮೂರೂವರೆ ಆಂಪ್ಸ್ ಅಷ್ಟೇ. ಲಗ್‌ಗಳನ್ನು ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಹೈಡ್ರಾಲಿಕ್ ಟೂಲಿನಲ್ಲಿ ಒತ್ತಿಸಿ.

ಪಾಸಿಟಿವ್‌ಗೆ 150 ಆಂಪ್ಸ್ ಎಎನ್ಎಲ್ ಫ್ಯೂಸ್, ಬ್ಯಾಟರಿಯಿಂದ ಒಂದು ಗೇಣಿನೊಳಗೆ. ಇನ್ವರ್ಟರ್ ಒಳಗಿನ ಫ್ಯೂಸ್ ಇನ್ವರ್ಟರಿಗೆ. ನಡುವಿನ ಕೇಬಲ್ ಚಾಸಿಗೆ ಉಜ್ಜಿ ಸಿಪ್ಪೆ ಕಿತ್ತುಬಂದರೆ ಆ ಒಳಗಿನ ಫ್ಯೂಸ್ ಏನೂ ಮಾಡಲಾರದು.

ಟಿಟಿ ಅಲೆಮಾರಿ:
ಅಂದಹಾಗೆ 100 ಎಎಚ್ ಬ್ಯಾಟರಿಗೆ 100 ಆಂಪ್ಸ್ ಬಿಎಂಎಸ್ ಇದ್ದರೆ 1500 ವ್ಯಾಟ್ ಕನಸೇ ಸರಿ, 1100ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ನಾನು 24 ವೋಲ್ಟ್ ಮಾಡಿದ್ದು.

ಡಬ್ಬಿಗಾಡಿ ಹುಬ್ಬಳ್ಳಿ:
ಗುರುವಾರ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಯಿತು. ಇನ್ವರ್ಟರ್ ಮುಂದೆ ಬಂತು. 60 ಸೆಂಟಿಮೀಟರ್ ಕೇಬಲ್, ಲಗ್ ಒತ್ತಿಸಿದ್ದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ. ಇಸ್ತ್ರಿ ಹಾಕಿ ನೋಡಿದೆ: ಬ್ಯಾಟರಿ 12.9, ಇನ್ವರ್ಟರ್ 12.8. ಮಿಕ್ಸಿಗೆ ಶೇಂಗಾ, ಬೆಳ್ಳುಳ್ಳಿ, ಕೆಂಪು ಖಾರ ಹಾಕಿ ತಿರುಗಿಸಿದೆ. ಗರ್ರ್ ಅಂತ ಓಡಿತು! ಪಕ್ಕದ ಮನೆಯವರು ಲೈಟ್ ಹಾಕಿ ಇಣುಕಿದರು. ಕುಡ್ಲದವರಿಗೆ ದೊಡ್ಡ ನಮಸ್ಕಾರ.

ವೈರ್‌ಮನ್ ಕುಡ್ಲ:
ಖುಷಿಯಾಯಿತು. ಫ್ಯೂಸ್ ಹಾಕಿದ್ರಾ?

ಸೋಲಾರ್ ರಾಯರು:
ಸದ್ಯಕ್ಕೆ ಓಡುತ್ತದೆ. ಆರು ತಿಂಗಳಾದ ಮೇಲೆ ಇನ್ವರ್ಟರ್ ಬದಲಿಸುತ್ತೀರಿ, ಬರೆದಿಟ್ಟುಕೊಳ್ಳಿ.

ಟಿಟಿ ಅಲೆಮಾರಿ:
ನಮ್ಮ ಗಾಡಿಯ ಫೋಟೊಗಳು ಕೆಳಗಿವೆ. ಮೂರನೆಯದರಲ್ಲಿ ಅಕ್ಕಿರೊಟ್ಟಿ ನೋಡಿ.

ಮೈಸೂರು ಓಮ್ನಿ:
ನನಗೂ ಇದೇ ಸಮಸ್ಯೆ. ವೈರಿಂಗ್ ಎಲ್ಲ ಸರಿಯಿದೆ. ಏನು ಮಾಡಲಿ?

ವೈರ್‌ಮನ್ ಕುಡ್ಲ:
ಡಬ್ಬಿಗಾಡಿಯವರೇ, ಫ್ಯೂಸ್?