ಪದಚರ್ಚೆ: ಟ್ಯಾರೋ ಎಲೆಯ ‘ನೈಟ್’ ಅನ್ನು ರಾವುತ ಎನ್ನಬಹುದೇ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಅಕ್ಕನ ಮಗಳು ಬೆಂಗಳೂರಿನಲ್ಲಿ ಟ್ಯಾರೋ ಎಲೆ ಹಾಕಿ ಭವಿಷ್ಯ ಹೇಳುತ್ತಾಳೆ. ಬರುವವರಲ್ಲಿ ಬಹಳ ಮಂದಿ ಕನ್ನಡದವರಾದ್ದರಿಂದ ಅವರ ಕೈಗೆ ಕೊಡಲು ಒಂದು ಕಿರುಹೊತ್ತಗೆ ಬೇಕೆಂದು ತನ್ನ ಟಿಪ್ಪಣಿಗಳನ್ನೆಲ್ಲ ಯಂತ್ರಕ್ಕೆ ಹಾಕಿ ಕನ್ನಡ ಮಾಡಿಸಿದಳು. “ಮಾವ, ನೀವೊಮ್ಮೆ ಕಣ್ಣಾಡಿಸಿದರೆ ಸಾಕು” ಎಂದು ನನಗೆ ಕಳಿಸಿದಳು. ಹಾಸನದ ಅಚ್ಚುಕೂಟವೊಂದರಲ್ಲಿ ಮದುವೆಯ ಕರೆಯೋಲೆಯಿಂದ ಸಹಕಾರ ಸಂಘದ ವಾರ್ಷಿಕ ವರದಿಯವರೆಗೆ ಕರಡು ತಿದ್ದಿ ಪಳಗಿದವನು ನಾನು. ಭವಿಷ್ಯದಲ್ಲಿ ನಂಬಿಕೆಯಿಲ್ಲ, ಕಾಗುಣಿತದಲ್ಲಿ ಇದೆ. ಹಾಗಾಗಿ ಒಪ್ಪಿಕೊಂಡೆ. ನಾಲ್ಕನೆಯ ಪುಟದಲ್ಲಿ ಸಿಕ್ಕಿದ್ದು ಇದು: “ಕತ್ತಿಗಳ ರಾತ್ರಿ ಬಂದರೆ ನಿಮ್ಮ ಕೆಲಸಗಳು ವೇಗ ಪಡೆಯುತ್ತವೆ.”

ಕತ್ತಿಗಳ ರಾತ್ರಿ! ಮುಂದೆ ಓದಿದರೆ ಬಟ್ಟಲುಗಳ ರಾತ್ರಿ, ಕೋಲುಗಳ ರಾತ್ರಿ, ಕೊನೆಗೆ ನಾಣ್ಯಗಳ ರಾತ್ರಿ. ಫೋನ್ ಮಾಡಿ ಕೇಳಿದಾಗ ಗುಟ್ಟು ತಿಳಿಯಿತು. ಅವಳು ಟಿಪ್ಪಣಿಯಲ್ಲಿ ಎಲೆಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ‘ನೈಟ್’ ಎಂದೇ ಬರೆದಿದ್ದಳು. ಇಂಗ್ಲಿಷಿನಲ್ಲಿ ಕುದುರೆಯೇರಿದ ವೀರನಿಗೂ ಇರುಳಿಗೂ ನಡುವೆ ಉಚ್ಚಾರವಿಲ್ಲದ ಒಂದು ಅಕ್ಷರದ ಬೇಲಿಯಿದೆ. ಕೇಳಿದ್ದನ್ನಷ್ಟೇ ಬರೆಯುವ ನಮ್ಮ ಲಿಪಿಯಲ್ಲಿ ಆ ಬೇಲಿ ನಿಲ್ಲುವುದಿಲ್ಲ. ಯಂತ್ರವನ್ನು ಬೈದು ಫಲವಿಲ್ಲ; ‘ನೈಟ್ ಬಸ್’ ಎಂದು ದಿನವೂ ಓದುವ ಕನ್ನಡಿಗನೂ ಅಲ್ಲಿ ರಾತ್ರಿಯನ್ನೇ ಕಾಣುತ್ತಾನೆ. ಆದ್ದರಿಂದ ಆ ಪದವನ್ನು ಹಾಗೆಯೇ ಬಿಡುವ ಹಾದಿ ಮುಚ್ಚಿಹೋಯಿತು. ಕನ್ನಡದ್ದೇ ಒಂದು ಪದ ಬೇಕು. ಅದಕ್ಕಾಗಿ ಈ ಪತ್ರ.

ಟ್ಯಾರೋ ಕಾಣದವರಿಗಾಗಿ ಎರಡು ಮಾತು. ನಮ್ಮ ಇಸ್ಪೀಟಿನ ಕಟ್ಟಿನಲ್ಲಿ 52 ಎಲೆ, ಟ್ಯಾರೋದಲ್ಲಿ 78. ಅದರಲ್ಲಿ 22 ಬೇರೆಯೇ ಬಗೆಯ ಚಿತ್ರದ ಎಲೆಗಳು. ಉಳಿದ 56 ಎಲೆಗಳು ಬಟ್ಟಲು, ಕತ್ತಿ, ಕೋಲು, ನಾಣ್ಯ ಎಂಬ ನಾಲ್ಕು ಬಣಗಳಿಗೆ ತಲಾ ಹದಿನಾಲ್ಕರಂತೆ ಸೇರಿದವು. ಇಸ್ಪೀಟಿನ ಬಣದಲ್ಲಿ ರಾಜ, ರಾಣಿ, ಗುಲಾಮ ಮೂವರೇ ಮುಖದವರು. ಇಲ್ಲಿ ನಾಲ್ವರು: ರಾಜ, ರಾಣಿ, ಕುದುರೆಯ ಮೇಲೊಬ್ಬ, ನೆಲದ ಮೇಲೊಬ್ಬ ಹುಡುಗ. ಈಗ ಭವಿಷ್ಯಕ್ಕೆ ಬಳಕೆಯಾದರೂ 15ನೆಯ ಶತಮಾನದಲ್ಲಿ ಉತ್ತರ ಇಟಲಿಯಲ್ಲಿ ಹುಟ್ಟಿದಾಗ ಇದು ಬರಿಯ ಆಟವೇ ಆಗಿತ್ತು. ಹೆಚ್ಚಿನವರು ಇಂದು ಹಿಡಿಯುವುದು 1909ರಲ್ಲಿ ಲಂಡನ್ನಿನಲ್ಲಿ ಹೊರಬಂದ, ವೇಟ್ ಎಂಬವರು ಯೋಜಿಸಿ ಪಮೇಲಾ ಕೋಲ್ಮನ್ ಸ್ಮಿತ್ ಚಿತ್ರ ಬರೆದ ಕಟ್ಟನ್ನು. ನಾನು ನೋಡಿದ್ದೂ ಅದನ್ನೇ.

ನಿಘಂಟು ತೆಗೆದರೆ ವೀರ, ಯೋಧ, ಸರದಾರ, ‘ಸರ್’ ಪದವಿ ಪಡೆದವನು ಎಂದಿದೆ. ಕೊನೆಯದು 1915ರಲ್ಲಿ ವಿಶ್ವೇಶ್ವರಯ್ಯನವರಿಗೆ ಸಂದ ಪದವಿ. ಅದಕ್ಕೆ ಕುದುರೆ ಬೇಕಿಲ್ಲ. ವೀರ, ಯೋಧ ಎಂದರೂ ಕುದುರೆ ಕಾಣುವುದಿಲ್ಲ, ನನಗೆ ಕುದುರೆ ಬೇಕೇ ಬೇಕು. ಹಟವೆಂದುಕೊಳ್ಳಬೇಡಿ. ನಾಲ್ಕು ಎಲೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಸವಾರರು ನಾಲ್ವರೂ ಕವಚ ತೊಟ್ಟ ಯುವಕರು, ಹೆಚ್ಚುಕಡಿಮೆ ಅಣ್ಣತಮ್ಮಂದಿರ ಹಾಗೆ. ಬೇರೆ ಬೇರೆಯಾಗಿರುವುದು ಕುದುರೆಗಳ ನಡೆ.

ಕತ್ತಿಯವನ ಕುದುರೆ ನಾಲ್ಕೂ ಕಾಲು ಚಾಚಿ ಓಡುತ್ತಿದೆ, ಹಿಂದೆ ಮರಗಳು ಗಾಳಿಗೆ ಬಾಗಿವೆ. ಇದಕ್ಕೆ ನಮ್ಮಲ್ಲಿ ಹೇಳಿ ಮಾಡಿಸಿದ ಪದವಿದೆ: ನಾಗಾಲೋಟ. ನಾಲ್ಕು ಕಾಲಿನ ಓಟ. ಚಿನ್ನದ ಬೆಲೆಗೂ ಈರುಳ್ಳಿ ಬೆಲೆಗೂ ಹೂಡಿ ಹೂಡಿ ಪತ್ರಿಕೆಗಳು ಆ ಪದದ ಗೊರಸು ಸವೆಸಿವೆ. ಈ ಎಲೆಯಲ್ಲಾದರೂ ಅದಕ್ಕೆ ಅದರ ಕುದುರೆ ಮರಳಿ ಸಿಗಲಿ. ಕೋಲಿನವನ ಕುದುರೆ ಮುಂಗಾಲೆತ್ತಿ ಹಿಂಗಾಲ ಮೇಲೆ ನಿಂತಿದೆ, ಹೊರಡುವ ತವಕ. ವೇಟ್ ಈ ಎಲೆಗೆ ಕೊಟ್ಟ ಅರ್ಥವೂ ಊರು ಬಿಡುವುದು, ಮನೆ ಬದಲಿಸುವುದು. ಬಟ್ಟಲಿನವನ ಬಿಳಿ ಕುದುರೆ ಒಂದು ಕಾಲೆತ್ತಿ ಮೆಲ್ಲಗೆ ಹೆಜ್ಜೆ ಹಾಕುತ್ತಿದೆ. ಸವಾರ ಬಟ್ಟಲನ್ನು ಮುಂದಕ್ಕೆ ಹಿಡಿದಿದ್ದಾನೆ, ಇನ್ನೇನು, ತುಳುಕಬಾರದಲ್ಲ! ಕರೆ, ಆಹ್ವಾನ, ಪ್ರಸ್ತಾಪ ಹೊತ್ತು ಬರುವವನು ಇವನು. ಹೆಣ್ಣು ನೋಡಲು ಬಂದವರ ಕಡೆಯ ಜಾಣ ಮಾತುಗಾರನಂತೆ ಎಂದು ಅಂಚಿನಲ್ಲಿ ಬರೆದಿದ್ದೇನೆ, ಉಳಿಸುವುದು ಬಿಡುವುದು ಹುಡುಗಿಗೆ ಬಿಟ್ಟದ್ದು.

ನಾಲ್ಕನೆಯದರ ಮೇಲೆ ನನಗೆ ವಿಶೇಷ ಒಲವು. ಮೈಗೂಡಿದ ಕಪ್ಪು ಕುದುರೆ, ಅಲುಗದೆ ನಿಂತಿದೆ. ಸವಾರ ಅಂಗೈಯಲ್ಲಿ ಒಂದು ದೊಡ್ಡ ನಾಣ್ಯ ಹಿಡಿದು ಅದನ್ನೇ ನೋಡುತ್ತಿದ್ದಾನೆ. ಹಿಂದೆ ಉತ್ತ ಹೊಲ. ಆ ಹೊಲಕ್ಕೂ ಕುದುರೆಗೂ ಏನು ನಂಟು ಎಂದು ನಮ್ಮವರಿಗೆ ಥಟ್ಟನೆ ಹೊಳೆಯದು. ಕುದುರೆ ಕಟ್ಟಿ ಉಳುವುದು ಅವರ ಕಡೆಯ ರೂಢಿ, ನಮ್ಮಲ್ಲಿ ಆ ಜಾಗದಲ್ಲಿ ಎತ್ತು ನಿಲ್ಲಬೇಕಿತ್ತು. ಆದರೆ ಉತ್ತ ನೆಲ, ಮೇಲೆ ಹೊನ್ನು, ಇವೆರಡನ್ನು ಒಟ್ಟಿಗೆ ಕಂಡಾಗ ಈ ಸೀಮೆಯವನಿಗೆ ಬೇರೊಂದು ನೆನಪಾಗುತ್ತದೆ: ಹೊನ್ನಾರು. ಯುಗಾದಿಯ ಹೊತ್ತಿಗೆ ಎತ್ತುಗಳನ್ನು ಸಿಂಗರಿಸಿ ವರ್ಷದ ಮೊದಲ ಸಾಲು ಹೊಡೆಯುವ ಆಚರಣೆ. ಹಾಗಾಗಿ ಈ ಬಣವನ್ನು ‘ನಾಣ್ಯ’ ಎನ್ನುವುದಕ್ಕಿಂತ ‘ಹೊನ್ನು’ ಎಂದರೆ ಚೆನ್ನ ಅನ್ನಿಸಿದೆ. ಹೊನ್ನು ಲೋಹವೂ ಹೌದು, ನಾಣ್ಯವೂ ಹೌದು. ಆತುರವಿಲ್ಲದ ಹೊಣೆಗಾರಿಕೆ, ಉಪಯೋಗಕ್ಕೆ ಬರುವ ಗುಣ, ಇದೇ ಆ ಎಲೆಯ ಅರ್ಥ.

ಅಂದಮೇಲೆ ಹೆಸರಿನಲ್ಲಿ ಕುದುರೆ ಕಾಣಬೇಕು ಎನ್ನುವುದು ನನ್ನೊಬ್ಬನ ತಕರಾರಲ್ಲ. ಇಟಲಿಯವರಿಗೆ ಈ ಎಲೆ ‘ಕವಾಲ್ಲೋ’, ಸ್ಪೇನಿನವರಿಗೆ ‘ಕಬಾಯೊ’, ಎರಡೂ ನೇರವಾಗಿ ಕುದುರೆಯೇ. ಕೆಳಗಿನ ಹುಡುಗ ಇಟಲಿಯಲ್ಲಿ ‘ಫಾಂತೆ’, ಎಂದರೆ ಕಾಲಾಳು. ಕುದುರೆಯವನು ಮತ್ತು ಕಾಲಾಳು ಎಂಬುದೇ ಮೂಲದ ಜೋಡಿ. ಇಂಗ್ಲಿಷಿನ ಪದದಲ್ಲಿ ಮಾತ್ರ ಕುದುರೆಯಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಹುಡುಗ, ಊಳಿಗದವನು. ಅದರದೇ ಬಳಗದ ಜರ್ಮನ್ ಪದ ‘ಕ್ನೆಷ್ಟ್’ ಇಂದಿಗೂ ಆಳೇ. ಇಂಗ್ಲಿಷಿನ ಆಳು ಹೀಗೆ ಏರಿ ಏರಿ ವೀರನಾದ.

ಇನ್ನೂ ಹಿಂದಕ್ಕೆ ಹೋದರೆ ಕುದುರೆಯೂ ಮಾಯವಾಗುತ್ತದೆ. ಎಲೆಯಾಟ ಯೂರೋಪಿಗೆ ಹೋದದ್ದು ಅಂದು ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕರಿಂದ. ಅವರ ಕಟ್ಟಿನಲ್ಲಿ ರಾಜನ ಕೆಳಗೆ ‘ನಾಯಿಬ್’, ಎಂದರೆ ರಾಜನ ಪ್ರತಿನಿಧಿ, ಅವನ ಕೆಳಗೆ ಎರಡನೆಯ ನಾಯಿಬ್. ಇದೇ ನಾಯಿಬ್‌ನ ಬಹುವಚನದಿಂದ ನಮ್ಮ ‘ನವಾಬ’ ಬಂದದ್ದು. ನಮ್ಮ ಹಳೆಯ ದುಂಡೆಲೆಯ ಆಟವಾದ ಗಂಜೀಫಾದಲ್ಲಿ ರಾಜನ ಪಕ್ಕದ ಮಂತ್ರಿಯೂ ಅದೇ ಅಂತಸ್ತಿನವನು. ಹಾಗೆಂದು ‘ಕತ್ತಿ ಮಂತ್ರಿ’ ಎನ್ನಲಾದೀತೇ? ಈಗಿನ ದಿನಗಳಲ್ಲಿ ಬೇಡ.

ಈಗ ಉಮೇದುವಾರರ ಸರದಿ. ಸಕಲೇಶಪುರದ ಕಡೆ ನಮ್ಮ ದೊಡ್ಡಪ್ಪ ಇದ್ದಾರೆ, ಮಳೆಗಾಲವಿಡೀ ಇಸ್ಪೀಟು ಹಿಡಿದೇ ಕಳೆಯುವವರು. ಎಲೆ ತೋರಿಸಿದೆ. ಕನ್ನಡಕ ಮೇಲೇರಿಸಿ, “ರಾಜ ರಾಣಿ ಗುಲಾಮ ಸಾಲಲಿಲ್ಲವೇ ಇವರಿಗೆ? ಇದು ಕುದುರೆ” ಎಂದರು. ಸ್ಪೇನಿನವರ ಬಾಯಿಂದ ಬಂದ ಹಾಗಿತ್ತು. ಚದುರಂಗದಲ್ಲೂ ನಮಗೆ ಇದು ಕುದುರೆಯೇ. ಆಟವಾದರೆ ಅಷ್ಟೇ ಸಾಕು. ಆದರೆ ಭವಿಷ್ಯ ಕೇಳಲು ಬಂದ ಹೆಣ್ಣುಮಗಳಿಗೆ “ನಿಮ್ಮ ಬಾಳಿನಲ್ಲಿ ಒಂದು ಕುದುರೆ ಬರಲಿದೆ” ಎಂದರೆ ಎದ್ದು ಹೋಗುತ್ತಾಳೆ.

‘ಸವಾರ’ ಎಲ್ಲರಿಗೂ ಗೊತ್ತು, ಆದರೆ ಇಂದು ಸವಾರ ಎಂದರೆ ಹೆಲ್ಮೆಟ್ ಧರಿಸದ ದ್ವಿಚಕ್ರ ವಾಹನದವನು. ‘ಅಶ್ವಾರೋಹಿ’ ನಾಟಕದ ಪರದೆಯಿಂದ ಇಳಿದು ಬಂದಂತಿದೆ. ಸ್ವಂತ ಕುದುರೆ ತಂದು ದಂಡು ಸೇರಿದವನು ‘ಸಿಲೇದಾರ’, ಸರ್ಕಾರದ ಕುದುರೆ ಏರಿದವನು ‘ಬಾರಗೀರ’. ಎಷ್ಟು ಖಚಿತವಾದ ಪದಗಳು, ಆದರೆ ಕಿವಿಗೆ ಕಂದಾಯ ಕಚೇರಿಯ ವಾಸನೆ. ‘ಬಂಟ’ ನನ್ನನ್ನು ಎರಡು ದಿನ ಕಾಡಿತು. ಊಳಿಗದವನೂ ಅವನೇ, ವೀರನೂ ಅವನೇ. ರಾಮನ ಬಂಟ ಹನುಮಂತ ಎಂದಾಗ ಎರಡೂ ಒಂದೇ ಉಸಿರಿನಲ್ಲಿ ಬರುತ್ತವೆ. ಇಂಗ್ಲಿಷಿನ ಪದ ನಡೆದು ಬಂದ ದಾರಿಯೇ ಇದು. ಆದರೆ ಘಟ್ಟದ ಕೆಳಗಿನ ಓದುಗರಿಗೆ ಅದು ಜಾತಿಯ ಹೆಸರು, ಮತ್ತೆ ಕುದುರೆಯೂ ಇಲ್ಲ.

ಇನ್ನೊಂದು ಪದಕ್ಕಾಗಿ ಭಾನುವಾರ ಬಸ್ಸು ಹತ್ತಿ ಹಳೇಬೀಡಿಗೇ ಹೋಗಿಬಂದೆ. ದೇಗುಲದ ದಕ್ಷಿಣಕ್ಕೆ ಒಂದು ಕಂಬವಿದೆ, 1220ರಲ್ಲಿ ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಒಡೆಯನೊಂದಿಗೆ ತಾವೂ ಪ್ರಾಣ ಬಿಟ್ಟ ಕುವರ ಲಕ್ಷ್ಮ ಮತ್ತು ಅವನ ಸಂಗಡಿಗರ ನೆನಪಿನದು. ಕತ್ತಿಯಿಂದ ತಮ್ಮ ತಲೆಯನ್ನೇ ತರಿದುಕೊಳ್ಳುವವರನ್ನು ಅದರ ಮೇಲೆ ಕಡೆದಿದ್ದಾರೆ. ಇಂಥ ಆಣೆಯ ಆಳುಗಳನ್ನು ಹೊಯ್ಸಳರು ಕರೆಯುತ್ತಿದ್ದುದು ‘ಗರುಡ’ರೆಂದು. ನಿಷ್ಠೆಯ ಅರ್ಥಕ್ಕೆ ಇದಕ್ಕಿಂತ ತೂಕದ ಪದ ಸಿಗದು. ಆದರೆ ಕಂಬದ ಮುಂದೆ ನಿಂತಾಗಲೇ ಎಡವಟ್ಟು ಹೊಳೆಯಿತು. ಗರುಡ ಏರಿದವನಲ್ಲ, ಏರಿಸಿಕೊಂಡವನು! ವಾಹನದ ಹೆಸರನ್ನು ಸವಾರನಿಗೆ ಕೊಟ್ಟಂತಾಗುತ್ತದೆ. ಅಲ್ಲಿಂದ ಗೋಡೆಯ ಕಡೆ ತಿರುಗಿದೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಅದರ ಮೇಲೆ ಕುದುರೆಯವರ ಸಾಲು. ಒಂದು ಕುದುರೆಯ ಮುಂಗಾಲು ಮುರಿದಿತ್ತು. ಕೊರಳ ಪಟ್ಟಿಯ ಮಣಿಗಳನ್ನು ಮಾತ್ರ ಇನ್ನೂ ಎಣಿಸಬಹುದು. ಇವರನ್ನು ಏನೆನ್ನುತ್ತಿದ್ದರು ಎಂದು ಯೋಚಿಸುತ್ತಾ ಬಿಸಿಲಲ್ಲಿ ನಿಂತಿದ್ದಾಗ ಬಂತು: ರಾವುತ.

ಕುಮಾರವ್ಯಾಸನ ಯುದ್ಧಗಳಲ್ಲಿ ಆನೆಯ ಮೇಲಿನವನು ಜೋದ, ಕುದುರೆಯ ಮೇಲಿನವನು ರಾವುತ. ಸಂಸ್ಕೃತದ ರಾಜಪುತ್ರ ಪ್ರಾಕೃತದಲ್ಲಿ ನುರಿದು ಹೀಗಾಯಿತು. ಕುದುರೆಯೂ ಇದೆ, ಆಸ್ಥಾನದ ಗತ್ತೂ ಇದೆ, ಕಡೆಗೆ ‘ರಾಜನ ಮಗ’ ಎಂಬ ಕುಲದ ನೆನಪೂ ಇದೆ. ವಿಜಯಪುರದ ಕಡೆ ದೇವರಹಿಪ್ಪರಗಿಯಲ್ಲಿ ರಾವುತರಾಯನೆಂದು ದೇವರೇ ಇರುವುದರಿಂದ ಅಲ್ಲಿನವರಿಗೆ ಈ ಪದ ಮನೆಮಾತು. ತೊಡಕು ನಮ್ಮ ಕಡೆಯದು. ದೊಡ್ಡಪ್ಪನಿಗೆ ಹೇಳಿದರೆ “ಯಾರು, ಮಾವುತನ ತಮ್ಮನೇ?” ಎಂದರು. ತಮಾಷೆಯಾದರೂ ಅದರಲ್ಲಿ ಹುರುಳಿದೆ. ದಸರೆಯ ದೆಸೆಯಿಂದ ಮಾವುತ ಎಲ್ಲರಿಗೂ ಗೊತ್ತು. ಆನೆಗೆ ಮಾವುತ, ಕುದುರೆಗೆ ರಾವುತ ಎಂದರೆ ಮಕ್ಕಳೂ ಮರೆಯುವುದಿಲ್ಲ. ಅಪಾಯವೂ ಅಲ್ಲೇ ಇದೆ, ಕುದುರೆ ತೊಳೆದು ಮೇವು ಹಾಕುವವನೆಂದು ತಿಳಿದಾರು. ಮಾವುತನಾದರೂ ಹುಟ್ಟಿನಲ್ಲಿ ‘ಮಹಾಮಾತ್ರ’, ದೊಡ್ಡ ಅಧಿಕಾರಿ. ಇಂಗ್ಲಿಷಿನ ಆಳು ಏರಿದ ಮೆಟ್ಟಿಲನ್ನೇ ನಮ್ಮ ಅಧಿಕಾರಿ ಇಳಿದು ಬಂದಿದ್ದಾನೆ.

ಇನ್ನು ಬಳಕೆಯ ಮಾತು. ‘ಬಟ್ಟಲುಗಳ ರಾವುತ’ ಎಂದು ಬಹುವಚನ, ಷಷ್ಠಿ ಹಚ್ಚುವುದು ಕನ್ನಡದ ಎಲೆಯಾಟಕ್ಕೆ ಒಗ್ಗುವುದಿಲ್ಲ. ಇಸ್ಪೀಟ್ ರಾಜ, ಆಟೀನ್ ರಾಣಿ ಎಂದು ಪಕ್ಕಪಕ್ಕ ಕೂರಿಸುವುದೇ ರೂಢಿ. ಅದರಂತೆ ಬಟ್ಟಲು ರಾವುತ, ಕತ್ತಿ ರಾವುತ, ಕೋಲು ರಾವುತ, ಹೊನ್ನು ರಾವುತ ಎಂದು ಬರೆದಿದ್ದೇನೆ. ಕ್ರಿಯಾಪದದ ಲಿಂಗ ಇನ್ನೊಂದು ಗಂಟು. ಆಡುವವರು ‘ರಾಣಿ ಬಂತು’ ಎನ್ನುತ್ತಾರೆ, ‘ಬಂದಳು’ ಎನ್ನುವುದಿಲ್ಲ, ಎಲೆ ನಪುಂಸಕ. ಆದರೆ ಭವಿಷ್ಯದಲ್ಲಿ ರಾವುತ ಒಮ್ಮೆ ಒಬ್ಬ ಯುವಕ, ಒಮ್ಮೆ ಬರಿಯ ಸುದ್ದಿ, ಒಮ್ಮೆ ಕೇಳುವವಳದೇ ಸ್ವಭಾವ. ಬಂದನೋ, ಬಂತೋ? ‘ರಾವುತ ಬಂದರೆ’ ಎಂದು ಬರೆದೆ, ಗಂಟು ತಾನಾಗಿ ಬಿಚ್ಚಿಕೊಂಡಿತು. ನಮ್ಮ ‘ಬಂದರೆ’ಗೆ ಲಿಂಗವೂ ಇಲ್ಲ, ವಚನವೂ ಇಲ್ಲ. ಭವಿಷ್ಯ ಹೇಳುವವರಿಗೆಂದೇ ಮಾಡಿಟ್ಟ ರೂಪವದು.

ಒಂದು ಸೊಗಸಾದ ತಪ್ಪನ್ನು ಹೇಳದೆ ಇರಲಾರೆ. ಕತ್ತಿಯ ರಾವುತನಿಗೆ ವೇಟ್ ಕೊಟ್ಟ ಗುಣಗಳ ಪಟ್ಟಿಯಲ್ಲಿ ಕೌಶಲ, ಶೌರ್ಯಗಳ ಜೊತೆ ‘ಅಡ್ರೆಸ್’ ಎಂದೂ ಇದೆ. ಯಂತ್ರ ಅದನ್ನು ‘ವಿಳಾಸ’ ಮಾಡಿತ್ತು. ಹಳೆಯ ಇಂಗ್ಲಿಷ್ ಬಳಕೆಯಲ್ಲಿ ಅದು ನಡೆನುಡಿಯ ಚಾತುರ್ಯ. ಹೊಡೆದು ಹಾಕಲು ಪೆನ್ನೆತ್ತಿದವನು ತಡೆದೆ. ವಿಳಾಸವೆಂದರೆ ಮೂಲದಲ್ಲಿ ವಿಲಾಸವೇ ಅಲ್ಲವೇ, ಸೊಬಗು, ಬೆಡಗು, ಲೀಲೆ? ಅಂಚೆಯವನ ಕೈಗೆ ಸಿಕ್ಕಿದ್ದು ಆಮೇಲೆ. ಯಂತ್ರ ಅರಿಯದೆ ಹಳಗನ್ನಡದ ಹೊಸಿಲವರೆಗೆ ಹೋಗಿಬಂದಿದೆ. ಕೊನೆಗೆ ‘ಚಾತುರ್ಯ’ ಎಂದು ತಿದ್ದಿದೆ, ಸ್ವಲ್ಪ ಬೇಸರದಿಂದಲೇ.

ನನ್ನ ಪ್ರಶ್ನೆಗಳು ಇವು. ರಾವುತ ಎಂಬ ಪದ ನಿಮ್ಮ ಊರಿನಲ್ಲಿ ಇಂದಿಗೂ ಬಾಯಲ್ಲಿ ಉಳಿದಿದೆಯೇ, ಉಳಿದಿದ್ದರೆ ಯಾವ ಅರ್ಥದಲ್ಲಿ? ರಾಹುತ ಎಂದು ಹಕಾರ ಹಚ್ಚಿ ಹೇಳುವವರು ಯಾರಾದರೂ ಇದ್ದಾರೆಯೇ? ಇನ್ನು ಆ ಕೊನೆಯ ಹುಡುಗನಿಗೆ, ಇಂಗ್ಲಿಷಿನಲ್ಲಿ ‘ಪೇಜ್’ ಎನ್ನುವವನಿಗೆ, ಇಟಲಿಯವರನ್ನು ಅನುಸರಿಸಿ ‘ಕಾಲಾಳು’ ಎಂದು ಬರೆದಿದ್ದೇನೆ. ಆದರೆ ಚಿತ್ರದಲ್ಲಿ ಅವನು ಜರಿಯಂಗಿ ತೊಟ್ಟ ಅರಮನೆಯ ಹುಡುಗ. ರಾಜನ ಎಲೆಯಡಿಕೆ ಚೀಲ ಹಿಡಿದು ಹಿಂದೆ ನಿಲ್ಲುತ್ತಿದ್ದ ‘ಹಡಪಿಗ’ ಅವನಿಗೆ ಹೆಚ್ಚು ಒಪ್ಪುತ್ತಾನೆಯೇ? ಯಂತ್ರ ಅವನನ್ನು ‘ಪುಟ’ ಮಾಡಿತ್ತು. “ಕೋಲುಗಳ ಪುಟ ಬಂದರೆ ಶುಭ ಸುದ್ದಿ.” ಮುಂದಿನ ಸೋಮವಾರ ಕರಡು ಹಿಂತಿರುಗಿಸಬೇಕು, ಅದರೊಳಗೆ ಬರೆದರೆ ಉಪಕಾರ.