ಮಾಲಿಬ್ಡಿನಮ್ ಹಾಳೆಯೊಂದರಿಂದ ಯಾವ ಯಾವ ಐಸೋಟೋಪ್‌ಗಳನ್ನು ಅಳೆಯಬಹುದು?

ಎಂ.ಎಸ್ಸಿ. ವಿದ್ಯಾರ್ಥಿನಿ, ಮೈಸೂರು

ನಮಸ್ಕಾರ. ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುತ್ತಿದ್ದೇನೆ. ಸಹಜ ಮಾಲಿಬ್ಡಿನಮ್ ಹಾಳೆಯನ್ನು ನ್ಯೂಟ್ರಾನುಗಳನ್ನು ನಿಧಾನಿಸುವ ಪ್ಯಾರಾಫಿನ್ ಆವರಿಸಿದ ಅಮೆರಿಸಿಯಂ-ಬೆರಿಲಿಯಂ ನ್ಯೂಟ್ರಾನ್ ಆಕರದ ಬಳಿ ಇಟ್ಟು, ಚಿನ್ನದ ಹಾಳೆಯೊಡನೆ ಹೋಲಿಸಿ ನ್ಯೂಟ್ರಾನ್ ಕ್ಯಾಪ್ಚರ್ ಕ್ರಾಸ್ ಸೆಕ್ಷನ್ (ಬೀಜಕೇಂದ್ರವು ನ್ಯೂಟ್ರಾನನ್ನು ಹಿಡಿಯುವ ಸಾಧ್ಯತೆಯ ಅಳತೆ; ಏಕಮಾನ ಬಾರ್ನ್) ಅಳೆಯುವ ಆಲೋಚನೆಯಿದೆ. ಮಾಲಿಬ್ಡಿನಮ್-98ಕ್ಕೆ ಕೋಷ್ಟಕಗಳು ಉಷ್ಣ (ನಿಧಾನಗತಿಯ) ನ್ಯೂಟ್ರಾನುಗಳಲ್ಲಿ ಸುಮಾರು 0.13 ಬಾರ್ನ್ ಎಂದೂ, ರೆಸೊನೆನ್ಸ್ ಇಂಟಿಗ್ರಲ್ (ಅವುಗಳಿಗಿಂತ ಹೆಚ್ಚು ಶಕ್ತಿಯ ನ್ಯೂಟ್ರಾನುಗಳನ್ನು ಹಿಡಿಯುವ ಒಟ್ಟು ಅಳತೆ) ಹೆಚ್ಚುಕಡಿಮೆ 6.7 ಬಾರ್ನ್ ಎಂದೂ ಹೇಳುತ್ತವೆ. ನನ್ನ ಪ್ರಯೋಗದಲ್ಲಿ ಸಿಗುವುದು ಇವುಗಳಲ್ಲಿ ಯಾವುದು? ಉಳಿದ ಆರು ಸಹಜ ಐಸೋಟೋಪ್‌ಗಳೂ ಅದೇ ಹಾಳೆಯಿಂದ ಸಿಗುತ್ತವೆಯೇ?

ಭೌತಶಾಸ್ತ್ರ ಉಪನ್ಯಾಸಕ, ಮಂಡ್ಯ

ಎರಡೂ ಬೆರೆತು ಸಿಗುತ್ತವೆ, ತೊಡಕಿರುವುದೇ ಅಲ್ಲಿ. ಚಿನ್ನದಲ್ಲಿ ಉಷ್ಣ ಕ್ರಾಸ್ ಸೆಕ್ಷನ್ 98.65 ಬಾರ್ನ್, ರೆಸೊನೆನ್ಸ್ ಇಂಟಿಗ್ರಲ್ ಸುಮಾರು 1550, ಅಂದರೆ ಹದಿನಾರು ಪಟ್ಟು. ಮಾಲಿಬ್ಡಿನಮ್-98ರಲ್ಲಿ ಅದೇ ಅನುಪಾತ ಐವತ್ತನ್ನು ದಾಟುತ್ತದೆ. ಆದ್ದರಿಂದ ಬರಿಯ ಹಾಳೆಗಳನ್ನಷ್ಟೇ ಹೋಲಿಸಿದರೆ ಉತ್ತರ 0.13ಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಸುಮಾರು 0.5 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿನ ನ್ಯೂಟ್ರಾನುಗಳನ್ನು ತಡೆಯುವ ಕ್ಯಾಡ್ಮಿಯಂ ಹೊದಿಕೆಯೊಳಗೆ ಎರಡೂ ಹಾಳೆಗಳನ್ನು ಮತ್ತೊಮ್ಮೆ ಇಟ್ಟು, ಆ ಎಣಿಕೆಯನ್ನು ಕಳೆಯಲೇಬೇಕು. ಉಷ್ಣ ಪ್ರವಾಹವು ಎಪಿಥರ್ಮಲ್ (ಆ ಮಿತಿಗಿಂತ ಮೇಲಿನ ಶಕ್ತಿಯ) ಪ್ರವಾಹದ 20 ಪಟ್ಟು ಇದೆಯೆಂದು ಇಟ್ಟುಕೊಂಡರೂ ಚಿನ್ನದ ಕ್ಯಾಡ್ಮಿಯಂ ಅನುಪಾತ (ಬರಿಯ ಹಾಳೆಯ ಎಣಿಕೆ ಹೊದಿಕೆಯೊಳಗಿನದಕ್ಕಿಂತ ಎಷ್ಟು ಪಟ್ಟು ಎಂಬುದು) 2.3ರ ಸುಮಾರಿಗೆ ಬಂದರೆ ಮಾಲಿಬ್ಡಿನಮ್-98ರದು 1.4ರ ಆಸುಪಾಸಿನಲ್ಲೇ ಉಳಿಯುತ್ತದೆ; ಹತ್ತಿರದ ಎರಡು ಸಂಖ್ಯೆಗಳನ್ನು ಕಳೆಯುವಾಗ ಅನಿಶ್ಚಿತತೆ ಹಿಗ್ಗುತ್ತದೆ. ಹಾಗಾಗಿ ನಿಮ್ಮ ಆಕರಕ್ಕೆ ರೆಸೊನೆನ್ಸ್ ಇಂಟಿಗ್ರಲ್ ಅಳೆಯುವುದೇ ಹೆಚ್ಚು ಪ್ರಾಮಾಣಿಕವಾದ ಗುರಿ ಎಂಬುದು ನನ್ನ ಅಭಿಪ್ರಾಯ.

ಎಣಿಕೆಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಚದರ ಸೆಂಟಿಮೀಟರಿಗೆ ಸೆಕೆಂಡಿಗೆ 10,000 ಉಷ್ಣ ನ್ಯೂಟ್ರಾನುಗಳಿದ್ದರೆ, ಒಂದು ಗ್ರಾಂ ಸಹಜ ಮಾಲಿಬ್ಡಿನಮ್‌ನಲ್ಲಿ 98 ಅವುಗಳನ್ನು ಹಿಡಿದು ಹುಟ್ಟುವ ವಿಕಿರಣಶೀಲ ಮಾಲಿಬ್ಡಿನಮ್-99, ಹುಟ್ಟಿದಷ್ಟೇ ವಿಘಟಿಸುವ ಮಟ್ಟಕ್ಕೆ ತುಂಬಿ ನಿಂತಾಗಲೂ ಸೆಕೆಂಡಿಗೆ ಎರಡೇ ವಿಘಟನೆ. ಅದರ ಅರ್ಧಾಯುಷ್ಯ 66 ಗಂಟೆಯಾದ್ದರಿಂದ ಹಾಗೆ ತುಂಬಲು ಎರಡು ವಾರ ಬೇಕು. 740 ಕಿಲೋ ಎಲೆಕ್ಟ್ರಾನ್ ವೋಲ್ಟ್ ಗಾಮಾ ಹೊಮ್ಮುವುದು ನೂರು ವಿಘಟನೆಗಳಲ್ಲಿ ಸುಮಾರು ಹನ್ನೆರಡರಲ್ಲಿ. ದೊಡ್ಡ ಹಾಳೆ, ಸೀಸದ ದಪ್ಪ ಕವಚ ಮತ್ತು ತಾಳ್ಮೆ ಮೂರೂ ಬೇಕಾಗುತ್ತವೆ.

ಅಣುವೈದ್ಯಕೀಯ ತಂತ್ರಜ್ಞ, ಮೈಸೂರು

140 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಗೆರೆ ಎತ್ತರವಾಗಿ ಕಾಣುತ್ತದೆಂದು ಅದನ್ನೇ ನೆಚ್ಚಬೇಡಿ ಮೇಡಂ. ಅದರ ಬಹುಪಾಲು ಮಾಲಿಬ್ಡಿನಮ್-99 ವಿಘಟಿಸಿ ಹುಟ್ಟುವ ಮಗಳಾದ, ಆರು ಗಂಟೆ ಅರ್ಧಾಯುಷ್ಯದ ಟೆಕ್ನೀಷಿಯಂ-99ಎಂನಿಂದ ಬರುತ್ತದೆ. ಹಾಳೆಯನ್ನು ತೆಗೆದ ಮೇಲೆ ಸುಮಾರು ಒಂದು ದಿನ ಕಾಯದಿದ್ದರೆ ತಾಯಿ-ಮಗಳ ಸಮತೋಲನವನ್ನು ನಂಬಲಾಗದು. ದಪ್ಪ ಹಾಳೆಯು ಆ ಮೃದು ಗಾಮಾವನ್ನು ತಾನೇ ಹೀರಿಕೊಳ್ಳುತ್ತದೆ ಕೂಡ.

ಸಂಶೋಧನಾ ವಿದ್ಯಾರ್ಥಿ, ಮೈಸೂರು

ಎರಡನೆಯ ಪ್ರಶ್ನೆಗೆ: 98ರ ಜೊತೆಗೆ 100 ಮಾತ್ರ ಸಿಕ್ಕೀತು. ಅದು 15 ನಿಮಿಷದೊಳಗಿನ ಅರ್ಧಾಯುಷ್ಯದ ಮಾಲಿಬ್ಡಿನಮ್-101 ಆಗುತ್ತದೆ. ಬೇಗನೆ ಎಣಿಸಿದರೆ ಅದರ ಮಗಳಾದ ಟೆಕ್ನೀಷಿಯಂ-101ರ 307 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗೆರೆ ಕಾಣಿಸುತ್ತದೆ. 94ರಿಂದ 97ರವರೆಗಿನ ನಾಲ್ಕೂ ನ್ಯೂಟ್ರಾನ್ ಹಿಡಿದು ಸ್ಥಿರವಾದ ಮುಂದಿನ ಐಸೋಟೋಪ್‌ಗಳೇ ಆಗುವುದರಿಂದ ನಂತರ ಎಣಿಸಲು ಏನೂ ಉಳಿಯುವುದಿಲ್ಲ. 92ರಿಂದ ಹುಟ್ಟುವ 93ರ ಅರ್ಧಾಯುಷ್ಯವಂತೂ ಸಾವಿರಾರು ವರ್ಷ. ಇವುಗಳಿಗೆ ಸಂವರ್ಧಿತ (ಬೇಕಾದ ಐಸೋಟೋಪ್‌ನ ಪಾಲು ಹೆಚ್ಚಿಸಿದ) ಮಾದರಿಯೂ, ನ್ಯೂಟ್ರಾನ್ ಹಿಡಿದ ಕ್ಷಣದಲ್ಲೇ ಹೊಮ್ಮುವ ಗಾಮಾವನ್ನು ನೋಂದಿಸುವ ಹಾರಾಟಕಾಲದ ಪ್ರಯೋಗವೂ ಬೇಕು. ಯುರೋಪಿನ ಸರ್ನ್ ಪ್ರಯೋಗಾಲಯದ ಹಾರಾಟಕಾಲದ ನ್ಯೂಟ್ರಾನ್ ಸೌಲಭ್ಯವಾದ ಎನ್-ಟಾಫ್‌ನಲ್ಲಿರುವ 185 ಮೀಟರ್ ದಾರಿಯನ್ನು 45 ಎಲೆಕ್ಟ್ರಾನ್ ವೋಲ್ಟ್‌ನ ನ್ಯೂಟ್ರಾನ್ (ಮಾಲಿಬ್ಡಿನಮ್-95ರ ಪ್ರಬಲ ರೆಸೊನೆನ್ಸ್ ಇರುವುದು ಅಲ್ಲೇ) ಸುಮಾರು 2 ಮಿಲಿಸೆಕೆಂಡಿನಲ್ಲಿ ಕ್ರಮಿಸಿದರೆ, ನಕ್ಷತ್ರಗಳ ಒಡಲಿನ ಉಷ್ಣತೆಗೆ ಹೊಂದುವ 30 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನದು 77 ಮೈಕ್ರೊಸೆಕೆಂಡಿನಲ್ಲಿ ತಲುಪುತ್ತದೆ. ಈ ಅಂತರದಿಂದಲೇ ಶಕ್ತಿಯನ್ನು ಲೆಕ್ಕಹಾಕುತ್ತಾರೆ. ಪ್ರಾಜೆಕ್ಟ್ ಶೀರ್ಷಿಕೆಯಲ್ಲಿ 98 ಎಂದಷ್ಟೇ ಬರೆಯಿರಿ; 100 ಸಿಕ್ಕರೆ ಅನುಬಂಧದಲ್ಲಿ ಸೇರಿಸಬಹುದು.